ಕಲೆಯಿಲ್ಲದ ಅರಿವೆಗಳು

ನರಗುಂದದ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಹತ್ತನೆಯ ತರಗತಿಯಲ್ಲಿ ಸಂತಾನೋತ್ಪತ್ತಿಯ ಪಾಠವೊಂದಿದೆ. ಆ ಪಾಠ ಬಂದಾಗ ಗರ್ಭಕೋಶದ ಚಿತ್ರವನ್ನು ಬೋರ್ಡಿನ ಮೇಲೆ ಬೇಗಬೇಗ ಬರೆದು, ಭಾಗಗಳ ಹೆಸರು ಬರೆಸಿ, ಹಿಂದಿನ ಬೆಂಚಿನ ಹುಡುಗರು ಒಬ್ಬರನ್ನೊಬ್ಬರು ತಿವಿಯುವ ಮೊದಲೇ ಅಳಿಸಿಬಿಡುತ್ತಿದ್ದೆ. ಉಳಿದದ್ದನ್ನು ಮನೆಯಲ್ಲಿ ಓದಿಕೊಳ್ಳಿ ಎನ್ನುತ್ತಿದ್ದೆ. ಜರಾಯು ಎಂಬ ಶಬ್ದಕ್ಕೆ ಎರಡು ಸಾಲು ವಿವರಣೆ: ತಾಯಿಯ ರಕ್ತದಿಂದ ಮಗುವಿಗೆ ಆಹಾರ, ಆಮ್ಲಜನಕ ಒದಗಿಸುವ ಅಂಗ. ಎರಡು ಅಂಕದ ಪ್ರಶ್ನೆ. ಅದನ್ನೇ ನಮ್ಮ ಮನೆಗಳಲ್ಲಿ ಮಾಸು ಅನ್ನುತ್ತಾರೆ, ಕೂಸಿನ ಬೆನ್ನಿಗೆ ಅದು ಹೊರಗೆ ಬೀಳುವ ತನಕ ಹೆತ್ತವಳ ಜೀವ ಗಟ್ಟಿಯಲ್ಲ ಎಂದು ಮಕ್ಕಳಿಗೆ ಯಾವತ್ತೂ ಹೇಳಲಿಲ್ಲ. ನನಗೆ ನಾಚಿಕೆ. ಸಂಬಳ ತೆಗೆದುಕೊಂಡು ನಾಚಿಕೊಳ್ಳುತ್ತಿದ್ದೆ.

ನನ್ನ ತಂಗಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ನಮ್ಮ ತವರು ಅಸೂಟಿ. ಅವಳು ಮೊದಲ ಸಲ ಮುಟ್ಟಾದ ದಿನ ಅವ್ವ ಕಳೆ ತೆಗೆಯಲು ಮಂದಿಯ ಹೊಲಕ್ಕೆ ಹೋಗಿದ್ದಳು. ಮನೆಯಲ್ಲಿ ಇದ್ದವಳು ನಾನೊಬ್ಬಳೇ, ಆಗ ತಾನೆ ಡಿಗ್ರಿ ಮುಗಿಸಿ ಬಂದವಳು. ಅವ್ವನ ಹಳೆಯ ಹತ್ತಿ ಸೀರೆಯೊಂದನ್ನು ಹರಿದು ಹನ್ನೆರಡು ಅರಿವೆ ಮಾಡಿ, ಮಡಚಿ, ಒಂದು ಗಂಟು ಕಟ್ಟಿ ಅವಳ ಕೈಗೆ ಕೊಟ್ಟೆ. ನನಗೆ ಅವ್ವ ಕಲಿಸಿದ್ದನ್ನೆಲ್ಲ ಅವಳಿಗೆ ಕಲಿಸಿದೆ. "ನಸಿಕಿನ್ಯಾಗ ಎಲ್ಲಾರೂ ಏಳೂದ್ರಾಗ ತೊಳೀಬೇಕು. ತಣ್ಣೀರಾಗ ತೊಳಿ, ಬಿಸಿನೀರು ಹಾಕಿದ್ರ ಕಲಿ ಕುಂದರ್ತೈತಿ. ಒಣಗಿಸುವಾಗ ಮ್ಯಾಲ ಲಂಗ ಹಾಕು. ಯಾರ ಕಣ್ಣಿಗೂ ಬೀಳಬಾರದು" ಎಂದೆ.

"ಅವ್ವನ ಕಣ್ಣಿಗೆ ಬಿದ್ರ?" ಎಂದು ಕೇಳಿದಳು. ಅವಳಿಗೆ ಆಗಲೂ ಅಡ್ಡಪ್ರಶ್ನೆ ಜಾಸ್ತಿ.

"ಯಾರ ಕಣ್ಣಿಗೂ ಅಂದೆ. ನನ್ನ ಕಣ್ಣಿಗೂ."

ಡಿಗ್ರಿಯಲ್ಲಿ ಪ್ರಾಣಿಶಾಸ್ತ್ರ ಓದಿದವಳು ಆಡಿದ ಮಾತಿದು. ತಂಗಿ ನಕ್ಕಳು, ಗಂಟು ತೆಗೆದುಕೊಂಡು ಒಳಗೆ ಹೋದಳು. ಅದಾದ ಮೇಲೆ ಅವಳು ಯಾವಾಗ ಮುಟ್ಟಾಗುತ್ತಾಳೆ, ಯಾವಾಗ ಮುಗಿಯುತ್ತದೆ ಎಂಬುದು ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ನನಗೂ ತಿಳಿಯುತ್ತಿರಲಿಲ್ಲ. ಚಲೋ ಹುಡುಗಿ ಎಂದು ಅವ್ವ ಹೊಗಳುತ್ತಿದ್ದಳು.

ಅವಳನ್ನು ಗಜೇಂದ್ರಗಡದ ನೇಕಾರರ ಮನೆಗೆ ಕೊಟ್ಟೆವು. ಮನೆಯಲ್ಲಿ ಎರಡು ಕುಣಿಮಗ್ಗ. ಅಲ್ಲಿ ಹೋಗಿ ಅವಳೂ ನೇಯುವುದನ್ನು ಕಲಿತಳು. ಮೊದಲನೆಯದು ಹೆಣ್ಣು, ಆಪರೇಶನ್ ಮಾಡಿ ಹೆರಿಗೆ ಮಾಡಿಸಿದರು. ಎರಡನೆಯದು ಮೂರು ತಿಂಗಳಿಗೇ ಹೋಯಿತು, ಗರ್ಭಚೀಲ ತೊಳೆಸಬೇಕಾಯಿತು. ಆಮೇಲೆ ನಾಲ್ಕು ವರ್ಷ ಏನೂ ಇಲ್ಲ. ಅವಳ ಅತ್ತೆ ಕೆಟ್ಟವಳಲ್ಲ, ಆದರೆ ಓಣಿಯ ಬಾಯಿಗೆ ಯಾರು ಬೀಗ ಹಾಕುತ್ತಾರೆ. ಅವಳ ಹೊಟ್ಟೆಯಲ್ಲಿ ಬಸಿರು ನಿಲ್ಲುವುದಿಲ್ಲ ಎಂಬ ಮಾತು ನಳದ ಹತ್ತಿರ ಹುಟ್ಟಿ ಅವಳ ಬಾಗಿಲಿಗೇ ಬಂತು. ಅದಕ್ಕೇ ಮತ್ತೆ ದಿನ ನಿಂತಾಗ ಅವಳು ಮೂರು ತಿಂಗಳು ನನಗೂ ಹೇಳಿರಲಿಲ್ಲ.

ಐದನೆಯ ತಿಂಗಳ ಸ್ಕ್ಯಾನ್ ಆದ ದಿನ ಫೋನ್ ಮಾಡಿದಳು.

"ಅಕ್ಕಾ, ಮಾಸ ಕೆಳಗ ಕುಂತೈತಂತ. ಮೊದಲಿನ ಆಪರೇಶನ್ ಹೊಲಿಗಿ ಮ್ಯಾಲನ ಐತಂತ. ಹಂಗಂದ್ರ ಏನು?"

"ಡಾಕ್ಟರ್ ಏನಂದ್ರು?"

"ಒಂದು ಹನಿ ರಕ್ತ ಕಂಡ್ರೂ ಓಡಿ ಬಾ ಅಂದಾರ. ನೋವು ಇರಂಗಿಲ್ಲಂತ. ನೋವಿಲ್ಲ ಅಂತ ಮನ್ಯಾಗ ಕುಂದರಬ್ಯಾಡ ಅಂದಾರ. ಮಗ್ಗಕ್ಕ ಇಳೀಬಾರದಂತ. ಏಳ್ರಾಗ ಮತ್ತ ಸ್ಕ್ಯಾನ್ ಮಾಡಿಸಬೇಕಂತ."

ನಾನು ಕ್ಲಾಸಿನ ದನಿಯಲ್ಲಿ ಹೇಳಿದೆ. "ಗರ್ಭಚೀಲ ದೊಡ್ಡದಾದಂಗ ಮಾಸ ಮ್ಯಾಲ ಸರೀತೈತಿ. ಭಾಳ ಮಂದಿಗೆ ಹಂಗ ಆಕ್ಕೈತಿ. ಹೆದರಬ್ಯಾಡ."

"ಹೌದಲ್ಲ ಮತ್ತ, ನಮ್ಮ ಟೀಚರಮ್ಮಗ ಗೊತ್ತಿಲ್ಲದ್ದು ಏನೈತಿ" ಎಂದು ಚೇಷ್ಟೆ ಮಾಡಿದಳು. ದನಿಯಲ್ಲಿ ಹಗುರವಾದದ್ದು ಕೇಳಿಸಿ ನನಗೂ ಸಂತೋಷವಾಯಿತು.

ನಾನು ಹೇಳಿದ್ದು ಸುಳ್ಳಲ್ಲ. ಬಹಳ ಜನರಿಗೆ ಅದು ಮೇಲೆ ಸರಿಯುತ್ತದೆ. ಆದರೆ ಹಳೆಯ ಗಾಯದ ಮೇಲೆ ಕೂತದ್ದು ಒಮ್ಮೊಮ್ಮೆ ಸರಿಯುವುದಿಲ್ಲ, ಗಾಯದೊಳಗೇ ಇಳಿದು ಬೇರು ಬಿಡುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವುದೂ ನನಗೆ ಗೊತ್ತಿರಲಿಲ್ಲ. ಎರಡು ಅಂಕದ ಉತ್ತರ ಬರೆದು ಕೈ ತೊಳೆದುಕೊಂಡೆ.

ಅವಳ ಗಂಡ ಒಳ್ಳೆಯವನು. ಡಾಕ್ಟರು ಹೇಳಿದ ಮರುದಿನವೇ ಅವಳು ಕಾಲಿಳಿಬಿಟ್ಟು ಕೂರುತ್ತಿದ್ದ ಮಗ್ಗದ ಕುಣಿಗೆ ಹಲಗೆ ಮುಚ್ಚಿಬಿಟ್ಟ. ತನ್ನ ಮಗ್ಗದಲ್ಲಿ ಹಸಿರು ಸೀರೆ ಏರಿಸಿದ. ಏಳನೆಯ ತಿಂಗಳಿಗೆ ಕುಬಸ ಮಾಡಬೇಕು, ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಬೇಕು. ಸೀರೆ ತವರಿನಿಂದ ಹೋಗಬೇಕು. ಅವನು ನೇಯ್ದದ್ದನ್ನು ನನಗೆ ತಂದುಕೊಟ್ಟು, "ಇದನ್ನ ನಿಮ್ಮ ಕಡಿಂದ ಉಡಸ್ರಿ ಅಕ್ಕಾರ, ಆಕಿಗೆ ಗೊತ್ತಾಗೂದು ಬ್ಯಾಡ" ಎಂದ. ಒಂದೇ ಮನೆಯಲ್ಲಿ ನೇಯ್ದದ್ದು ಅವಳಿಗೆ ಗೊತ್ತಾಗದೆ ಇರುತ್ತದೆಯೇ ಎಂದು ನಾನು ನಕ್ಕೆ.

ಕುಬಸಕ್ಕೆ ಅವ್ವ, ನಾನು, ನನ್ನ ಮಗಳು ಹೋಗಿದ್ದೆವು. ಓಣಿಯ ಹೆಂಗಸರೆಲ್ಲ ಬಂದಿದ್ದರು, ಅವಳ ಹೊಟ್ಟೆಯ ಬಗ್ಗೆ ಮಾತಾಡಿದವರೂ ಬಂದಿದ್ದರು. ತಂಗಿ ಕುರ್ಚಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಅಷ್ಟು ಚಂದ ಕಂಡದ್ದನ್ನು ನಾನು ಅವಳ ಮದುವೆಯಲ್ಲೂ ನೋಡಿರಲಿಲ್ಲ. ಆರತಿ ಮುಗಿದು, ಉಡಿ ತುಂಬಿದ ಅಕ್ಕಿ, ಕೊಬ್ಬರಿ ಬಟ್ಟಲುಗಳನ್ನು ಸೆರಗಿನಲ್ಲಿ ಹಿಡಿದುಕೊಂಡು ದೇವರಿಗೆ ನಮಸ್ಕಾರ ಮಾಡಲು ಎದ್ದಳು. ಎದ್ದವಳು ಕುತ್ತಿಗೆ ತಿರುಗಿಸಿ ತಾನು ಕೂತಿದ್ದ ಜಾಗವನ್ನೊಮ್ಮೆ ನೋಡಿದಳು.

ಆ ನೋಟ ಗೊತ್ತಿಲ್ಲದ ಹೆಂಗಸು ಇಲ್ಲ. ಮುಟ್ಟಾದ ದಿನಗಳಲ್ಲಿ ಬಸ್ಸಿನ ಸೀಟಿನಿಂದ, ಬೆಂಚಿನಿಂದ, ಮಂದಿಯ ಮನೆಯ ಚಾಪೆಯಿಂದ ಎದ್ದಾಗ ನಾವೆಲ್ಲ ಹಾಗೆ ನೋಡುತ್ತೇವೆ, ಕಲೆ ಬಿದ್ದಿದೆಯೇ ಎಂದು. ಏಳು ತಿಂಗಳ ಬಸುರಿಗೆ ಹಾಗೆ ನೋಡುವ ಕಾರಣವಿಲ್ಲ. ನನ್ನ ಕಣ್ಣಿಗೆ ಅದು ಬಿತ್ತು. ಬಿದ್ದದ್ದನ್ನು ನಾನು ಎತ್ತಿಕೊಳ್ಳಲಿಲ್ಲ. ಸೆರಗು ಕುರ್ಚಿಗೆ ಸಿಕ್ಕಿರಬೇಕು ಅಂದುಕೊಂಡು, ಹೋಳಿಗೆ ಬಡಿಸಲು ಅಡುಗೆ ಮನೆಗೆ ಹೋದೆ. ಆ ಹತ್ತು ಹೆಜ್ಜೆಗಳನ್ನು ನಾನು ಇನ್ನೂ ನಡೆಯುತ್ತಿದ್ದೇನೆ.

ಅವಳಿಗೆ ವಿಶ್ರಾಂತಿ ಸಿಗಲಿ ಎಂದು ಅವ್ವ ಅವಳನ್ನೂ ಅವಳ ಮಗಳನ್ನೂ ಅಸೂಟಿಗೆ ಕರೆದುಕೊಂಡು ಬಂದಳು. ಏಳನೆಯ ತಿಂಗಳ ಸ್ಕ್ಯಾನ್ ಬಾಕಿ ಇತ್ತು. ಕುಬಸ ಆಗಲಿ ಆಮೇಲೆ ಎಂದು ಎಲ್ಲರೂ ಮುಂದೆ ಹಾಕಿದ್ದೆವು. ಶನಿವಾರ ಮಧ್ಯಾಹ್ನ ಬಂದು ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟೆ. ಮೊದಲ ಶನಿವಾರ ಶಾಲೆಯಲ್ಲಿ ಮೀಟಿಂಗ್ ಬಂತು. ಎರಡನೆಯ ಶನಿವಾರ ಉತ್ತರಪತ್ರಿಕೆಗಳ ಕಟ್ಟು ಮನೆಗೆ ತಂದಿದ್ದೆ. ಎರಡು ದಿನಕ್ಕೊಮ್ಮೆ ಫೋನ್ ಮಾಡಿ, "ರಕ್ತ ಏನರ ಕಂಡತೇನು?" ಎಂದು ಕೇಳುತ್ತಿದ್ದೆ.

"ಇಲ್ಲಕ್ಕಾ" ಎನ್ನುತ್ತಿದ್ದಳು. ಪ್ರತಿ ಸಲವೂ ತಡವಿಲ್ಲದೆ ಹೇಳುತ್ತಿದ್ದಳು. ಕ್ಲಾಸಿನಲ್ಲಿ ಅಷ್ಟು ಬೇಗ ಉತ್ತರ ಬಂದರೆ ನನಗೆ ಅನುಮಾನ ಬರುತ್ತದೆ, ಮನೆಯಲ್ಲಿ ಬರಲಿಲ್ಲ.

ಮೂರನೆಯ ಶನಿವಾರಕ್ಕೆ ಎರಡು ದಿನ ಇರುವಾಗ, ಎರಡನೆಯ ಪಿರಿಯಡ್ ನಡೆಯುತ್ತಿದ್ದಾಗ ಅವ್ವನ ಫೋನ್ ಬಂತು. "ಹಾಸಿಗಿ ತುಂಬ ರಕ್ತ ಐತಿ. ನೋವಿಲ್ಲ ಅಂತಾಳ. ಗಾಡಿ ಬಂದೈತಿ, ರೋಣಕ್ಕ ಹೊಂಟೀವಿ" ಎಂದಳು. ಅವ್ವ ಅಳುತ್ತಿರಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿತು. ರೋಣದಲ್ಲಿ ಸಲೈನ್ ಹಚ್ಚಿ, ಇಲ್ಲಿ ಇಟ್ಟುಕೊಂಡು ಹೊತ್ತು ಕಳೆಯುವುದು ಬೇಡ, ರಕ್ತವೂ ದೊಡ್ಡ ಆಪರೇಶನ್ನೂ ಬೇಕಾಗುತ್ತದೆ, ಹುಬ್ಬಳ್ಳಿಗೆ ನಡೆಯಿರಿ ಎಂದು ತಕ್ಷಣ ಕಳಿಸಿದರು. ಹಾದಿ ನರಗುಂದದ ಮೇಲೇ. ನಾನು ಗುಡ್ಡದ ಬುಡದ ರಸ್ತೆಯಲ್ಲಿ ನಿಂತು ಕಾದೆ. ಕಾಳಿನ ಚೀಲ ಹೇರಿಕೊಂಡ ಲಾರಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು, ಒಂದೊಂದೂ ಆಂಬುಲೆನ್ಸಿಗೆ ಅಡ್ಡ ಬಂದಂತೆ ಅನಿಸಿ ಡ್ರೈವರುಗಳನ್ನು ಬಯ್ಯುತ್ತಿದ್ದೆ. ಗಾಡಿ ಹತ್ತಿದಾಗ ನನ್ನ ಬೆರಳುಗಳಲ್ಲಿ ಇನ್ನೂ ಸೀಮೆಸುಣ್ಣ ಇತ್ತು.

ಅವ್ವ ಡ್ರೈವರಿನ ಪಕ್ಕ ಕೂತಿದ್ದಳು. ಹಿಂದೆ ನಾನು, ತಂಗಿ, ಗಾಡಿಯ ನರ್ಸ್. ತಂಗಿಯ ತುಟಿ ಬೆಳ್ಳಗಾಗಿತ್ತು. "ಯಾವಾಗಿಂದ ಹೊಂಟೈತ್ರಿ ರಕ್ತ?" ಎಂದು ನರ್ಸ್ ಕೇಳಿದಳು. "ಇವತ್ತ ಮುಂಜಾನಿಂದ" ಎಂದು ನಾನು ಅವ್ವ ಹೇಳಿದ್ದನ್ನೇ ಹೇಳಿದೆ. ತಂಗಿ ನನ್ನ ಕೈ ಹಿಡಿದು ಎಳೆದಳು. ನಾನು ಬಗ್ಗಿದೆ.

"ಅವ್ವಗ ಹೇಳಬ್ಯಾಡ. ಕುಬಸದ ಹಿಂದಿನ ದಿನದಿಂದ ಐತಿ."

ಮೂರು ವಾರ.

"ದಿನಾ ಅಲ್ಲಕ್ಕಾ. ಒಂದು ದಿನ ಬರ್ತಿತ್ತು, ಎರಡು ದಿನ ನಿಂದರ್ತಿತ್ತು. ನಿಂತಾಗ ಇನ್ನ ಹೋತು ಅಂತ ತಿಳ್ಕೊತಿದ್ದೆ."

"ಯಾಕ ಹೇಳಲಿಲ್ಲ?"

"ಕುಬಸ ನಿಂದರ್ತಿತ್ತು. ರಕ್ತ ಕಂಡಾಕಿಗೆ ಯಾರು ಆರತಿ ಮಾಡ್ತಾರ? ಓಣಿ ತುಂಬ ಮತ್ತ ಅದ ಮಾತು. ಕುಬಸ ಆದಮ್ಯಾಲ ಹೇಳ್ಬೇಕಂದೆ, ಆಮ್ಯಾಲ ಹೆಂಗ ಹೇಳ್ಲಿ? ಹೊಲಸಾಗಿ ದೇವರ ಮುಂದ ಕುಂತಿದ್ಯಾ ಅಂತಿದ್ರು."

"ಪ್ಯಾಡ್ ತರಿಸಿದ್ರ ಗೊತ್ತಾಕ್ಕಿತ್ತಲ್ಲ" ಎಂದೆ. ಯಾಕೆ ಅದನ್ನು ಕೇಳಿದೆನೋ. ಲೆಕ್ಕ ಬಿಡಿಸುವ ಚಟ.

"ಅದಕ್ಕ ತರಿಸಲಿಲ್ಲ. ಟ್ರಂಕಿನ ಬುಡಕ ನೀ ಕೊಟ್ಟ ಅರಿವಿ ಇದ್ವು. ನಸಿಕಿನ್ಯಾಗ ತೊಳೀತಿದ್ದೆ. ಕೌದಿ ಕೆಳಗ ಒಣಗಸ್ತಿದ್ದೆ."

"ನನಗರ ಹೇಳಬಾರದಿತ್ತೇನ?"

ಅವಳು ನನ್ನನ್ನೇ ನೋಡಿದಳು. ಚೇಷ್ಟೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. "ನಿನ್ನ ಕಣ್ಣಿಗೂ ಬೀಳಬಾರದು ಅಂತ ನೀನ ಹೇಳಿದ್ದಿ" ಎಂದಳು.

ನವಲಗುಂದ ದಾಟುವವರೆಗೂ ನಾನು ಅವಳ ಕಾಲುಗಳನ್ನು ತಿಕ್ಕುತ್ತ ಕೂತೆ. ಕಾಲು ತಣ್ಣಗಿದ್ದವು.

ಹುಬ್ಬಳ್ಳಿಯ ದವಾಖಾನೆಯ ಡಾಕ್ಟರ್ ಬಾಯಿ ನನ್ನ ವಯಸ್ಸಿನವರು. ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಅರಿವೆ ನೆನೆದವು ಎಂದು ಕೇಳಿದರು. ಮೂರು ವಾರ ಎಂದು ಅವ್ವನ ಎದುರಿಗೇ ಹೇಳಿದೆ. ಎಷ್ಟು ಅರಿವೆ ಎಂಬುದು ಯಾರಿಗೂ ಗೊತ್ತಿಲ್ಲ ಎಂದೆ. ಅವರು ಬಯ್ಯಲಿಲ್ಲ. ಬಯ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು.

"ಮೊದಲ ಸಲ ಕಂಡಾಗ ಬಂದಿದ್ರ ಇಲ್ಲೇ ಮಲಗಿಸಿಕೊಳ್ತಿದ್ವಿ. ಕೂಸಿನ ಉಸಿರಿಗೆ ಇಂಜೆಕ್ಷನ್ ಕೊಟ್ಟು, ರಕ್ತ ಕೂಡಿಸಿಟ್ಟುಕೊಂಡು, ದಿನಾ ನೋಡಿ ಆಪರೇಶನ್ ಮಾಡ್ತಿದ್ವಿ. ಈಗ ಟೈಮಿಲ್ಲ" ಎಂದರು. ಸ್ಕ್ಯಾನ್ ನೋಡಿ ಬಂದು ಮತ್ತೆ ಹೇಳಿದರು. "ಮಾಸ ಹಳೇ ಹೊಲಿಗಿಯೊಳಗ ಇಳದೈತಿ. ಬಿಡಿಸಾಕ ಹೋದ್ರ ರಕ್ತ ನಿಲ್ಲೂದಿಲ್ಲ. ಗರ್ಭಚೀಲದ ಸಂಗಡ ತೆಗೀಬೇಕಾಗ್ತದ. ಸಹಿ ಯಾರು ಮಾಡ್ತೀರಿ?"

ಅವಳ ಗಂಡ ಗಜೇಂದ್ರಗಡದಿಂದ ಬಸ್ಸಿನಲ್ಲಿ ಇನ್ನೂ ದಾರಿಯಲ್ಲಿದ್ದ. ಫೋನಿನಲ್ಲಿ ಕೇಳಿದೆ. "ಆಕಿ ಉಳದ್ರ ಸಾಕ್ರಿ ಅಕ್ಕಾರ, ನೀವ ಮಾಡ್ರಿ" ಎಂದ. ಹಿಂದೆ ಕಂಡಕ್ಟರು ಸೀಟಿ ಊದುವುದು ಕೇಳಿಸುತ್ತಿತ್ತು. ನಾನು ಸಹಿ ಮಾಡಿದೆ. ಮಾರ್ಕ್ಸ್ ಕಾರ್ಡುಗಳ ಮೇಲೆ ಮಾಡುವ ಅದೇ ಸಹಿ.

ಆಪರೇಶನ್ ನಾಲ್ಕು ತಾಸು ನಡೆಯಿತು. ಮಾಸು ಗರ್ಭಚೀಲದ ಗೋಡೆ ದಾಟಿ ಮೂತ್ರಚೀಲದವರೆಗೂ ಹೋಗಿತ್ತಂತೆ. ಅದನ್ನು ಮುಟ್ಟದೆ ಮೇಲಿನಿಂದ ಕೊಯ್ದು ಕೂಸನ್ನು ತೆಗೆದು, ಉಳಿದದ್ದನ್ನೆಲ್ಲ ಒಟ್ಟಿಗೆ ತೆಗೆದರಂತೆ. ತಂಗಿಗೆ ಬಾಟಲಿ ಮೇಲೆ ಬಾಟಲಿ ರಕ್ತ ಹಾಕಿದರು. ಅವಳು ಉಳಿದಳು. ಕೂಸು ಹೆಣ್ಣು, ಎರಡು ಅಂಗೈ ಕೂಡಿಸಿ ಮಲಗಿಸಬಹುದಾದಷ್ಟು. ಗಾಜಿನ ಪೆಟ್ಟಿಗೆಯಲ್ಲಿ ಮರುದಿನ ಮಧ್ಯಾಹ್ನದವರೆಗೆ ಉಸಿರಾಡಿತು. ಅದರ ಎದೆ ಏರಿಳಿಯುವುದನ್ನು ನಾನು ಗಾಜಿನ ಹೊರಗೆ ನಿಂತು ನೋಡಿದೆ. ನಿಂತದ್ದನ್ನೂ ನೋಡಿದೆ.

ನಮ್ಮಲ್ಲಿ ಮಾಸನ್ನು ಅರಿಷಿಣ ಕುಂಕುಮ ಹಚ್ಚಿ, ಹೊಸ ಗಡಿಗೆಯಲ್ಲಿಟ್ಟು, ಬಚ್ಚಲ ನೀರು ಹರಿಯುವ ಕಡೆ ಹಿತ್ತಲಲ್ಲಿ ಹೂಳುತ್ತಾರೆ. ತಾಯಿ, ಕೂಸು ಮಿಂದ ನೀರು ಅದರ ಮೇಲೆ ಹರಿಯಬೇಕು. ನನ್ನದೂ ತಂಗಿಯದೂ ಅಸೂಟಿಯ ಹಿತ್ತಲಲ್ಲೇ ಇವೆ. ಕೂಸನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಾಗ ಅವ್ವ ನರ್ಸಿನ ಮುಂದೆ ಕೈಯೊಡ್ಡಿ ನಿಂತಳು. "ಮಾಸ ಕೊಡ್ರಿ ಯವ್ವಾ, ಒಯ್ಯಬೇಕು" ಎಂದಳು. ಅದು ಗರ್ಭಚೀಲದೊಳಗೇ ಇದೆ, ಪರೀಕ್ಷೆಗೆ ಹೋಗುತ್ತದೆ, ಕೊಡಲು ಬರುವುದಿಲ್ಲ ಎಂದು ಆ ಹುಡುಗಿ ಮೆತ್ತಗೆ ಹೇಳಿದಳು. ಅವ್ವ ಇನ್ನೆರಡು ಸಲ ಕೇಳಿದಳು. ಆಮೇಲೆ ಕೈ ಕೆಳಗಿಳಿಸಿದಳು.

ಅಸೂಟಿಯಲ್ಲಿ ಹೊಲದ ಬದುವಿನ ಹತ್ತಿರ ಮಣ್ಣು ಮುಚ್ಚಿ ಬಂದ ಮೇಲೆ ಪಕ್ಕದ ಮನೆಯ ಮುದುಕಿ ಏನಾಯಿತೆಂದು ಕೇಳಿದಳು. "ಮಾಸ ಕೊಡಲಿಲ್ಲ. ಕೂಸು ಅಷ್ಟ ಕೊಟ್ರು" ಎಂದಳು ಅವ್ವ. ಹೂಳಬೇಕಾದದ್ದನ್ನು ಅವರು ಇಟ್ಟುಕೊಂಡರು, ತೊಟ್ಟಿಲಿಗೆ ಹಾಕಬೇಕಾದದ್ದನ್ನು ನಾವು ಹೂತು ಬಂದೆವು. ಅವ್ವನಿಗೆ ಇನ್ನೂ ಅದು ದವಾಖಾನೆಯವರ ತಪ್ಪು. ತಪ್ಪು ನನ್ನದೆಂದು ನಾನು ಅವಳಿಗೆ ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ, ಅಥವಾ ಕೇಳಿಸಿಕೊಂಡು ಸುಮ್ಮನಾದಳು. ನನಗೆ ಕಲಿಸಿದ್ದು ಅವಳೇ ಅಲ್ಲವೇ.

ತಂಗಿಗೆ ಮೂರನೆಯ ದಿನ ಹೇಳಿದೆವು. ಕೂಸು ಹೋದದ್ದನ್ನು ಅವಳ ಗಂಡ ಹೇಳಿದ. ಗರ್ಭಚೀಲ ತೆಗೆದದ್ದನ್ನು ನಾನು ಹೇಳಿದೆ.

"ಕೂಸಿನ್ನ ನನಗ ಒಮ್ಮೆ ತೋರಿಸಬೇಕಿತ್ತು" ಎಂದಳು. "ನೀವೆಲ್ಲಾರೂ ನೋಡೀರಿ."

ಅವಳಿಗೆ ಆಗ ಎಚ್ಚರವೇ ಇರಲಿಲ್ಲ, ನಿಜ. ಕಾಯದೆ ಹೂತು ಬಂದದ್ದೂ ನಿಜ.

ಎರಡು ತಿಂಗಳ ಮೇಲೆ ಅವಳು ಅಸೂಟಿಯಿಂದ ಗಜೇಂದ್ರಗಡಕ್ಕೆ ಹೊರಡುವ ದಿನ ನಾನು ಹೋಗಿದ್ದೆ. ಗಂಡ ಕರೆದೊಯ್ಯಲು ಬಂದಿದ್ದ, ಅವಳ ಮಗಳು ಅವನ ಕಾಲಿಗೆ ಜೋತುಬಿದ್ದಿದ್ದಳು. ತಂಗಿ ಒಳಗೆ ಕರೆದು ಟ್ರಂಕ್ ತೆಗೆದು ಒಂದು ಸಣ್ಣ ಗಂಟನ್ನು ನನ್ನ ಕೈಗಿಟ್ಟಳು.

"ನಿನ್ನ ಮಗಳಿಗೆ ಇಟ್ಕೋ. ಈ ವರ್ಷನೋ ಮುಂದಿನ ವರ್ಷನೋ ಆಕಿಗೂ ಬೇಕಾಕ್ಕಾವು. ಹತ್ತೀವು, ಮೆತ್ತಗ ಅದಾವು. ನನಗ ಇನ್ನ ಬೇಕಾಗಂಗಿಲ್ಲ."

ಬೇಡ ಎನ್ನಲು ನನಗೆ ಧೈರ್ಯವಾಗಲಿಲ್ಲ. ಅವಳ ಮುಖದಲ್ಲಿ ಚುಚ್ಚಬೇಕೆಂಬ ಭಾವ ಒಂದಿಷ್ಟೂ ಇರಲಿಲ್ಲ. ಅಕ್ಕನ ವಸ್ತುವನ್ನು ಅಕ್ಕನಿಗೆ ಜೋಪಾನವಾಗಿ ತಿರುಗಿ ಕೊಡುತ್ತಿದ್ದಳು, ಅಷ್ಟೇ.

ನರಗುಂದಕ್ಕೆ ಬಂದು ಮಂಚದ ಮೇಲೆ ಗಂಟು ಬಿಚ್ಚಿದೆ. ಹನ್ನೆರಡಕ್ಕೆ ಹನ್ನೆರಡೂ ಇದ್ದವು. ಒಂದೊಂದನ್ನೇ ಬಿಡಿಸಿ ಕಿಟಕಿಯ ಬಿಸಿಲಿಗೆ ಹಿಡಿದೆ. ಅವ್ವನ ಸೀರೆಯ ಅಂಚಿನ ಗೆರೆ ಇನ್ನೂ ಕಾಣುತ್ತಿತ್ತು. ಮೂರು ವಾರದ ರಕ್ತ ಹೀರಿದ ಅರಿವೆಗಳು. ಎಲ್ಲಾದರೂ ಒಂದು ಮಾಸಿದ ಕಲೆ, ಒಂದು ತಿಳಿ ಕಂದು ಗೆರೆ ಸಿಗುತ್ತದೆಯೇ ಎಂದು ಕನ್ನಡಕ ಹಾಕಿಕೊಂಡು ಹುಡುಕಿದೆ. ಏನೂ ಇರಲಿಲ್ಲ. ತಣ್ಣೀರಿನಲ್ಲೇ ತೊಳೆದಿದ್ದಳು. ನಾನು ಕಲಿಸಿದ್ದನ್ನು ಅವಳಷ್ಟು ಸರಿಯಾಗಿ ಯಾರೂ ಕಲಿತಿಲ್ಲ ಎಂದು ನಾನು ಅಲ್ಲೇ ಕೂತು ಅತ್ತೆ.

ಮಗಳು ಶಾಲೆಯಿಂದ ಬಂದದ್ದು ತಿಳಿಯಲಿಲ್ಲ. ಬಾಗಿಲಲ್ಲಿ ನಿಂತು, "ಅವೇನವ್ವಾ?" ಎಂದಳು. ನಾನು ಯೋಚಿಸುವ ಮೊದಲೇ ನನ್ನ ಕೈ ಚಾದರ ಎಳೆದು ಅವುಗಳನ್ನು ಮುಚ್ಚಿತ್ತು.

ಆ ಕೈಯನ್ನೇ ನೋಡುತ್ತ ಕೂತೆ. ಆಮೇಲೆ ಚಾದರ ತೆಗೆದೆ.

"ನಿಮ್ಮ ಚಿಗವ್ವನ ರಕ್ತದ ಅರಿವಿ" ಎಂದೆ. "ಬಾ, ಕುಂದರು. ಮುಟ್ಟಿ ನೋಡು."